ಪ್ರತಿಕ್ರಿಯೆ: ಮ್ಯೂನಿಕ್‌ನಲ್ಲಿ ಟೆಂಟ್ ಒಳಗೆ ಬಿಡಲಿಲ್ಲ, ಮತ್ತೆ ಹೋಗಬಹುದಾ?

ಕಾರವಾರದ ನಿಮ್ಮ ಐದು ಜನರನ್ನು ಬಿಯರ್ ಟೆಂಟ್ ಬಾಗಿಲಲ್ಲೇ ತಡೆದದ್ದು ಟಿಕೆಟ್ ಇಲ್ಲ ಅಂತಲ್ಲ, ಜರ್ಮನಿಯ ಮ್ಯೂನಿಕ್‌ನ ಬಿಯರ್ ಜಾತ್ರೆ ಅಕ್ಟೋಬರ್‌ಫೆಸ್ಟ್‌ಗೆ ಪ್ರವೇಶ ಪುಕ್ಕಟೆ. ಶನಿವಾರ ಮಧ್ಯಾಹ್ನ ಹೋಗಿದ್ದೀರಲ್ಲ, ಒಳಗೆ ತುಂಬಿ ಬಾಗಿಲು ಹಾಕಿರುತ್ತಾರೆ. ಶಿರಸಿ ಜಾತ್ರೆಯಲ್ಲಿ ನುಗ್ಗಿದ ಹಾಗೆ ಅಲ್ಲಿ ನುಗ್ಗಲಿಕ್ಕೆ ಆಗುವುದಿಲ್ಲ.

ಈ ಸಲ ಮಂಗಳವಾರವೋ ಬುಧವಾರವೋ ರಜೆ ಹಾಕಿ. ವಾರದ ದಿನ ಟೆಂಟ್ ತೆರೆಯುವುದು ಬೆಳಿಗ್ಗೆ 10ಕ್ಕೆ. ಆಗಲೇ ಹೋಗಿ ಬುಕ್ ಆಗದ ಮೇಜು ಹಿಡಿಯಿರಿ. ಮೊದಲು ಕೂರಬೇಕು, ಸುಮ್ನೆ ನಿಂತವರಿಗೆ ಬಿಯರ್ ಕೊಡುವುದಿಲ್ಲ. ಸಂಜೆ ಬುಕ್ ಮಾಡಿದವರು ಬಂದರೆ ಏಳಿಸಲೂಬಹುದು. ಬೆನ್ನಚೀಲ ಮನೆಯಲ್ಲೇ ಬಿಡಿ, 3 ಲೀಟರ್‌ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ.

ಮಾಂಸ ತಿನ್ನದ ಗೆಳೆಯನಿಗೆ ಕೇಸ್‌ಸ್ಪೆಟ್ಸ್ಲೆ ಕೇಳಿ: ಚೀಸ್ ಕಲಸಿದ ಗಿಡ್ಡ ನೂಡಲ್ಸ್, ಮೇಲೆ ಹುರಿದ ಈರುಳ್ಳಿ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಅವನಿಗೆ ಮೊದಲೇ ಹೇಳಿಬಿಡಿ. ಕಾರ್ಡ್ ಎಲ್ಲ ಕಡೆ ನಡೆಯಲಿಕ್ಕಿಲ್ಲ, ಕ್ಯಾಶ್ ಇಟ್ಟುಕೊಳ್ಳಿ.