ಗ್ಲುಕೋಮೀಟರ್ ಮತ್ತು ಲ್ಯಾಬ್ ಅಂಕಿಗಳ ವ್ಯತ್ಯಾಸ

ನಮಸ್ಕಾರ. ನಿಮ್ಮ ತಾಯಿಯವರ ಖಾಲಿ ಹೊಟ್ಟೆಯ ಸಕ್ಕರೆ ಮನೆಯ ಗ್ಲುಕೋಮೀಟರಿನಲ್ಲಿ 168, ಅದೇ ಬೆಳಿಗ್ಗೆ ಲ್ಯಾಬಿನಲ್ಲಿ 149 ಬಂದಿದ್ದರಿಂದ ಮೀಟರ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಇಷ್ಟರಿಂದಲೇ ಹಾಗೆನ್ನಲಾಗದು. ಗ್ಲುಕೋಮೀಟರುಗಳ ನಿಖರತೆಗಾಗಿ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197ರ 2013ರ ಆವೃತ್ತಿಯ ಪ್ರಕಾರ, ಸಕ್ಕರೆ ಡೆಸಿಲೀಟರಿಗೆ 100 ಮಿಲಿಗ್ರಾಂ ಅಥವಾ ಹೆಚ್ಚಿದ್ದಾಗ ಕನಿಷ್ಠ ಶೇ 95ರಷ್ಟು ಅಳತೆಗಳು ಲ್ಯಾಬ್ ಮೌಲ್ಯಕ್ಕಿಂತ ಶೇ 15ರಷ್ಟು ಹೆಚ್ಚು-ಕಡಿಮೆಯೊಳಗೆ, 100ಕ್ಕಿಂತ ಕಡಿಮೆಯಿದ್ದಾಗ 15 ಮಿಲಿಗ್ರಾಂ ಹೆಚ್ಚು-ಕಡಿಮೆಯೊಳಗೆ ಇರಬೇಕು. ನಿಮ್ಮಲ್ಲಿನ ವ್ಯತ್ಯಾಸ ಸುಮಾರು ಶೇ 13.

ತಾಯಿಯವರಿಗೆ ರಕ್ತಹೀನತೆಯಿದೆ ಎಂದೂ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ ಸಂಗತಿ. ಕೆಂಪು ರಕ್ತಕಣಗಳ ಪ್ರಮಾಣ, ಅಂದರೆ ಹೆಮಟೋಕ್ರಿಟ್, ಕಡಿಮೆಯಿದ್ದರೆ ಅನೇಕ ಮೀಟರುಗಳು ಸಕ್ಕರೆಯನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. ಸ್ಟ್ರಿಪ್ ಡಬ್ಬಿಯೊಳಗಿನ ಚೀಟಿಯಲ್ಲಿ ಆ ಸ್ಟ್ರಿಪ್ ಎಷ್ಟು ಹೆಮಟೋಕ್ರಿಟ್‌ನಿಂದ ಎಷ್ಟರವರೆಗೆ ಸರಿಯಾಗಿ ಅಳೆಯುತ್ತದೆಂದು ಮುದ್ರಿಸಿರುತ್ತಾರೆ. ಅದನ್ನು ಅವರ ರಕ್ತಪರೀಕ್ಷೆಯ ವರದಿಯೊಂದಿಗೆ ದಯವಿಟ್ಟು ಹೋಲಿಸಿ ನೋಡಿ.

ಲ್ಯಾಬಿನ ಅಂಕಿಯೂ ಕೆಲವೊಮ್ಮೆ ತುಸು ಇಳಿದಿರಬಹುದು, ಏಕೆಂದರೆ ತೆಗೆದಿಟ್ಟ ರಕ್ತದಲ್ಲಿ ಕಣಗಳು ಗ್ಲುಕೋಸನ್ನು ಬಳಸುತ್ತಲೇ ಇರುತ್ತವೆ, ಮತ್ತು ಬೂದು ಮುಚ್ಚಳದ ಟ್ಯೂಬಿನಲ್ಲಿರುವ ಫ್ಲೋರೈಡ್ ಮೊದಲ ಒಂದೆರಡು ಗಂಟೆ ಅದನ್ನು ಪೂರ್ತಿ ತಡೆಯುವುದಿಲ್ಲ.

ಮುಂದಿನ ಸಲ ಮೀಟರನ್ನು ಲ್ಯಾಬಿಗೇ ಒಯ್ಯಿರಿ. ಖಾಲಿ ಹೊಟ್ಟೆಯಲ್ಲೇ, ತೋಳಿನಿಂದ ರಕ್ತ ತೆಗೆದ ಐದು-ಹತ್ತು ನಿಮಿಷದೊಳಗೆ, ಸೋಪಿನಿಂದ ತೊಳೆದು ಒರೆಸಿದ ಬೆರಳಿನಿಂದ ಪರೀಕ್ಷಿಸಿ. ಮಾವಿನ ಹಣ್ಣು ಹೆಚ್ಚಿದ ಬೆರಳಿನಲ್ಲಿ ಉಳಿದ ರಸವೂ ಅಂಕಿಯನ್ನು ಬಹಳ ಏರಿಸಬಲ್ಲದು. ಊಟದ ನಂತರದ ಹೋಲಿಕೆ ಬೇಡ. ಆಗ ಬೆರಳಿನ ರಕ್ತದಲ್ಲಿ ಸಕ್ಕರೆ ಸಹಜವಾಗಿಯೇ ಹೆಚ್ಚಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೀಗೆ ಹೋಲಿಸಿದಾಗಲೂ ವ್ಯತ್ಯಾಸ ಶೇ 15 ಮೀರಿದರೆ ಹೊಸ ಡಬ್ಬಿಯ ಸ್ಟ್ರಿಪ್‌ನಿಂದ ಮತ್ತೊಮ್ಮೆ ನೋಡಿ. ಅಲ್ಲಿಯವರೆಗೆ ವೈದ್ಯರನ್ನು ಕೇಳದೆ ಇನ್ಸುಲಿನ್ ಪ್ರಮಾಣವನ್ನು ಬದಲಿಸಬೇಡಿ.