‘ರೈಟ್ ಆಫ್’ ಅಂದರೇನು: ಹಳೇ ವಹಿಯಲ್ಲಿ ಉಳಿದ ಬಾಕಿ

ಅಕೌಂಟ್ಸ್ ಕೆಲಸಕ್ಕೆ ಸೇರಿ ಎರಡು ವಾರವಾಗಿದೆ, ಗಿರಾಕಿಯೊಬ್ಬರ ಹಳೇ ಬಾಕಿ 43 ರೂಪಾಯಿ ಇದೆ, ಮ್ಯಾನೇಜರ್ ಮೇಲ್‌ನಲ್ಲಿ ‘ಪ್ಲೀಸ್ ರೈಟ್ ಆಫ್ ದ ಬ್ಯಾಲೆನ್ಸ್’ ಅಂತ ಬರೆದಿದ್ದಾರೆ, ನಿಘಂಟು ನೋಡಿದರೆ ‘ಮನ್ನಾ ಮಾಡು’ ಅಂತಿದೆ, ಹಾಗಾದರೆ ಗಿರಾಕಿಗೆ ‘ನಿಮ್ಮ ಬಾಕಿ ಮನ್ನಾ ಆಗಿದೆ’ ಎಂದು ಪತ್ರ ಕಳಿಸಬೇಕಾ ಅಂತ ಕೇಳಿದ್ದೀರಿ.

ದಯವಿಟ್ಟು ಕಳಿಸಬೇಡಿ. ಬ್ಯಾಂಕಿನಲ್ಲಿ ಸಾಲದ ಫೈಲುಗಳ ನಡುವೆಯೇ ಕೂದಲು ಬೆಳ್ಳಗಾದವನು ನಾನು. ಈ ಎರಡು ಪದ ಕಲಸಿಹೋಗಿದ್ದಕ್ಕೆ ಆದ ಜಗಳಗಳನ್ನು ಬಹಳ ನೋಡಿದ್ದೇನೆ.

ನಮ್ಮಪ್ಪನದು ಧಾರವಾಡದ ಕಡೆ ಹಳ್ಳಿಯಲ್ಲಿ ಕಿರಾಣಿ ಅಂಗಡಿ. ಊರಿನ ಉದ್ರಿಯೆಲ್ಲ ಕೆಂಪು ರಟ್ಟಿನ ಉದ್ದನೆಯ ವಹಿಯಲ್ಲಿ ಇರುತ್ತಿತ್ತು. ದೀಪಾವಳಿ ಪಾಡ್ಯಕ್ಕೆ ಹೊಸ ವಹಿಗೆ ಪೂಜೆ. ಹಿಂದಿನ ರಾತ್ರಿ ಅಪ್ಪ ಹಳೇದನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹೆಸರು, ಬಾಕಿ ಓದುತ್ತಿದ್ದ, ನಾನು ಹೊಸದರಲ್ಲಿ ಇಳಿಸಿಕೊಳ್ಳುತ್ತಿದ್ದೆ. ಕೆಲವು ಹೆಸರು ಬಂದಾಗ ತುಸು ತಡೆದು, ‘ಇದು ಬ್ಯಾಡ, ಹಳೇದ್ರಾಗ ಇರ್ಲಿ’ ಅನ್ನುತ್ತಿದ್ದ. ದುಡಿಯೋಕೆ ಗೋವಾಕ್ಕೆ ಹೋಗಿ ಸುದ್ದಿಯೇ ಇಲ್ಲದವರ ಬಾಕಿಗಳವು. ಹಳೇ ವಹಿ ಮಾತ್ರ ರದ್ದಿಗೆ ಹೋಗುತ್ತಿರಲಿಲ್ಲ, ಅಟ್ಟ ಸೇರುತ್ತಿತ್ತು. ಮೂರು ವರ್ಷ ಬಿಟ್ಟು ಅವರಲ್ಲೊಬ್ಬ ಬಂದು, ‘ಸಾವ್ಕಾರ್ರ, ನಂದೆಷ್ಟೈತಿ ನೋಡ್ರಿ’ ಅಂದ. ಅಪ್ಪ ನನ್ನನ್ನು ಅಟ್ಟ ಹತ್ತಿಸಿದ. 118 ರೂಪಾಯಿ. ಎಣಿಸಿ ಗಲ್ಲಾಕ್ಕೆ ಹಾಕಿಕೊಂಡ. ಅದೇ ಅಪ್ಪ, ಗಂಡನನ್ನು ಕಳಕೊಂಡ ಒಬ್ಬಾಕೆಯ ಪುಟಕ್ಕೆ ಅಡ್ಡಗೆರೆ ಎಳೆದು, ‘ಯಕ್ಕಾ, ನಿಂದೇನೂ ಬಾಕಿ ಇಲ್ಲ’ ಅಂತ ಅವಳೆದುರಿಗೇ ಹೇಳಿದ್ದ.

ಹಳೇ ವಹಿಯಲ್ಲಿ ಬಿಟ್ಟಿದ್ದು ರೈಟ್ ಆಫ್. ಅಡ್ಡಗೆರೆ ಎಳೆದಿದ್ದು ವೇವ್, ಅಂದರೆ ಮನ್ನಾ. ಮೊದಲನೆಯದು ಅಂಗಡಿಯವನು ತನ್ನ ಲೆಕ್ಕಕ್ಕೆ ತಾನೇ ಹೇಳಿಕೊಳ್ಳುವ ಮಾತು, ಸಾಲಗಾರನಿಗೆ ಅದು ಗೊತ್ತೂ ಆಗಬೇಕಿಲ್ಲ. ಎರಡನೆಯದು ಸಾಲಗಾರನಿಗೆ ಕೊಡುವ ಮಾತು. ಕೊಟ್ಟ ಮೇಲೆ ಮತ್ತೆ ಕೇಳುವ ಹಾಗಿಲ್ಲ.

ಬ್ಯಾಂಕಿನಲ್ಲೂ ಹೀಗೇ, ಅಟ್ಟ ಸ್ವಲ್ಪ ದೊಡ್ಡದು ಅಷ್ಟೆ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಆದಾಯ ತರದೆ ನಿಂತ ಸಾಲ, ಆಗುತ್ತದೆ. ಆಮೇಲೆ ವರ್ಷಗಳು ಕಳೆದಂತೆ ಬ್ಯಾಂಕು ತನ್ನ ಲಾಭದಿಂದ ಹೆಚ್ಚುಹೆಚ್ಚು ಹಣ ಅದರ ಹೆಸರಿಗೆ ತೆಗೆದಿಡುತ್ತ ಹೋಗಬೇಕು. ಪೂರ್ತಿ ತೆಗೆದಿಟ್ಟಾದ ಮೇಲೆ ಆ ಸಾಲವನ್ನು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುತ್ತ ಕೂರುವುದಕ್ಕೆ ಅರ್ಥವಿಲ್ಲವೆಂದು ರೈಟ್ ಆಫ್ ಮಾಡುತ್ತಾರೆ. ಎಷ್ಟೋ ಸಲ ಇದು ಹೆಡ್ ಆಫೀಸಿನ ಲೆಕ್ಕದಲ್ಲಿ ಮಾತ್ರ. ಶಾಖೆಯ ಖಾತೆಯಲ್ಲಿ ಬಾಕಿ ಹಾಗೇ ಇರುತ್ತದೆ, ನೋಟಿಸು ಹೋಗುತ್ತಲೇ ಇರುತ್ತದೆ, ಅಡವಿಟ್ಟ ಆಸ್ತಿ ಇದ್ದರೆ ಬ್ಯಾಂಕುಗಳ ಸಾಲ ವಸೂಲಿಗೆಂದಿರುವ 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿಗೂ ಬರಬಹುದು. ಮನ್ನಾಕ್ಕೆ ಉದಾಹರಣೆ ಬೇಕಿದ್ದರೆ 2018ರ ಕರ್ನಾಟಕದ ಬೆಳೆಸಾಲ ನೆನಪಿಸಿಕೊಳ್ಳಿ: ಸಹಕಾರಿ ಸಂಘದ ಸಾಲಕ್ಕೆ 1 ಲಕ್ಷ, ವಾಣಿಜ್ಯ ಬ್ಯಾಂಕಿನದಕ್ಕೆ 2 ಲಕ್ಷದ ಮಿತಿ. ಅಲ್ಲಿ ರೈತನ ಬದಲು ಸರ್ಕಾರ ಹಣ ಕಟ್ಟುವ ಏರ್ಪಾಡಿತ್ತು. ‘ಬ್ಯಾಂಕುಗಳಿಂದ ಇಷ್ಟು ಕೋಟಿ ಮನ್ನಾ’ ಅಂತ ತಲೆಬರಹ ಕಂಡಾಗಲೆಲ್ಲ ಕೆಳಗಿನ ಸುದ್ದಿಯಲ್ಲಿ ಯಾವ ಕ್ರಿಯಾಪದ ಇದೆ ಅಂತ ನೋಡುವ ಚಟ ನನಗೆ. ಹೆಚ್ಚಿನ ಸಲ ರೈಟ್ ಆಫೇ ಇರುತ್ತದೆ. ಹಾಗಂತ ಬ್ಯಾಂಕಿಗೆ ನಷ್ಟವಿಲ್ಲ ಅಂತಲ್ಲ. ಹೀಗೆ ಅಟ್ಟ ಸೇರಿದ್ದರಲ್ಲಿ ವಾಪಸ್ ಬರುವುದು ಸ್ವಲ್ಪವೇ.

ಒಮ್ಮೆ ಒಬ್ಬ ಹುಡುಗ ಮನೆ ಸಾಲಕ್ಕೆ ಬಂದ. ಹಳೇ ಬೈಕ್ ಸಾಲದ ಬಗ್ಗೆ ಕೇಳಿದರೆ, ‘ಅದು ಮನ್ನಾ ಆಗೈತಿ ಸರ್’ ಅಂತ ಖುಷಿಯಿಂದ ಸಿಬಿಲ್ ರಿಪೋರ್ಟ್, ಅಂದರೆ ಹಳೇ ಸಾಲಗಳ ಚರಿತ್ರೆಯ ಕಾಗದ, ತೋರಿಸಿದ. ಬೆರಳಿಟ್ಟು ತೋರಿಸಿದ ಜಾಗದಲ್ಲಿ ‘ರಿಟನ್ ಆಫ್’ ಅಂತಿತ್ತು. ಸಾಲ ಕೊಡುವವರ ಕಣ್ಣಿಗೆ ಅದಕ್ಕಿಂತ ಕೆಟ್ಟ ಪದ ಆ ಕಾಗದದಲ್ಲಿ ಕಡಿಮೆ. ಹಳೇ ಬಾಕಿ ಕಟ್ಟಿ ರಿಪೋರ್ಟ್ ಸರಿಯಾಗುವವರೆಗೆ ಅವನ ಅರ್ಜಿ ಮುಂದೆ ಹೋಗಲಿಲ್ಲ.

ತೆರಿಗೆಗಂತೂ ಈ ಕ್ರಿಯಾಪದವೇ ಆಧಾರ. ಬಾರದ ಸಾಲವನ್ನು ಆದಾಯದಿಂದ ಕಳೆಯಬೇಕಾದರೆ ಅದು ನಿಜಕ್ಕೂ ಬರುವುದಿಲ್ಲವೆಂದು ಮೊದಲು ಸಾಬೀತು ಮಾಡಬೇಕಿತ್ತು. 1989ರ ಏಪ್ರಿಲ್ 1ರಿಂದೀಚೆಗೆ ಅದು ಬೇಕಿಲ್ಲ, ಲೆಕ್ಕದಲ್ಲಿ ರೈಟ್ ಆಫ್ ಮಾಡಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟಿಆರ್‌ಎಫ್ ಎಂಬ ಕಂಪನಿಯ ಪ್ರಕರಣದಲ್ಲಿ ಹೇಳಿತು.

ಇನ್ನು ಬಳಕೆ. ‘ರೈಟ್ ಆಫ್ ದ ಬ್ಯಾಲೆನ್ಸ್’, ‘ರೈಟ್ ದ ಬ್ಯಾಲೆನ್ಸ್ ಆಫ್’ ಎರಡೂ ಸರಿ. ಆದರೆ ‘ಅದನ್ನು’ ಅನ್ನುವಾಗ ‘ರೈಟ್ ಇಟ್ ಆಫ್’ ಅಂತಲೇ ಬರಬೇಕು, ‘ರೈಟ್ ಆಫ್ ಇಟ್’ ಅಂದರೆ ತಪ್ಪು. ಭೂತಕಾಲಕ್ಕೆ ‘ರೋಟ್ ಆಫ್’, ‘ಆಗಿದೆ’ ಅನ್ನುವಾಗ ‘ಹ್ಯಾಸ್ ಬೀನ್ ರಿಟನ್ ಆಫ್’. ನಾಮಪದವಾದರೆ ನಡುವೆ ಅಡ್ಡಗೆರೆ ಹಾಕಿ ಒಂದೇ ಪದದಂತೆ ಬರೆಯುತ್ತಾರೆ. ‘ರೈಟ್ ಡೌನ್’ ಬೇರೆ: ಗೋಡೌನಿನಲ್ಲಿ ಸರಕು ಹಳತಾಗಿ ಬೆಲೆ ಕುಸಿದರೆ ಲೆಕ್ಕದಲ್ಲೂ ಅಷ್ಟು ಇಳಿಸುವುದು. ದಂಡ, ಬಡ್ಡಿ, ಪ್ರೊಸೆಸಿಂಗ್ ಫೀ ಬಿಟ್ಟುಬಿಡುವುದಕ್ಕೆ ‘ವೇವ್’. ಅಲೆ ಅನ್ನುವ ವೇವ್‌ಗೂ ಇದಕ್ಕೂ ಉಚ್ಚಾರ ಒಂದೇ, ಆದರೆ ಇದರ ಸ್ಪೆಲಿಂಗಿನಲ್ಲಿ ‘ಐ’ ಹೆಚ್ಚಿಗೆ ಬರುತ್ತದೆ. ಮೇಲ್‌ನಲ್ಲಿ ಇದೇ ಹೆಚ್ಚು ಕೈಕೊಡುವುದು.

ನಿಮ್ಮ 43 ರೂಪಾಯಿಗೆ ಬರೋಣ. ಬ್ಯಾಡ್ ಡೆಟ್ಸ್ (ಬಾರದ ಸಾಲ) ಖಾತೆಗೆ ಖರ್ಚು, ಗಿರಾಕಿಯ ಖಾತೆಗೆ ಜಮಾ, ವಿವರದಲ್ಲಿ ಮ್ಯಾನೇಜರ್ ಮೇಲ್‌ನ ತಾರೀಖು. ಸಣ್ಣ ಬಾಕಿಗಳಿಗೆ ನಿಮ್ಮಲ್ಲಿ ಬೇರೆ ಖಾತೆ ಇದ್ದರೆ ಅಲ್ಲಿಗೆ ಹಾಕಿ. ಮ್ಯಾನೇಜರ್‌ಗೆ ‘ದ ಬ್ಯಾಲೆನ್ಸ್ ಹ್ಯಾಸ್ ಬೀನ್ ರಿಟನ್ ಆಫ್’ ಎಂದು ಒಂದು ಸಾಲು ಬರೆದರಾಯಿತು. ಗಿರಾಕಿಗೆ ಏನೂ ಬರೆಯಬೇಡಿ. ನಾಳೆ ಅವರಾಗಿಯೇ 43 ರೂಪಾಯಿ ಕಳಿಸಿದರೆ ಬೇಡ ಅನ್ನದೆ ತೆಗೆದುಕೊಂಡು, ‘ಬ್ಯಾಡ್ ಡೆಟ್ಸ್ ರಿಕವರ್ಡ್’ ಖಾತೆಗೆ ಜಮಾ ಮಾಡಿ.