ಗೋಡೆಯೊಳಗಿನ ಕ್ಯಾಟ್-6 ಕೇಬಲ್ಲಿನಲ್ಲಿ ಅನಲಾಗ್ ಕ್ಯಾಮೆರಾ ನಡೆಯುತ್ತದೆಯೇ?

ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ ಕಟ್ಟಡದ ಕಾಲಕ್ಕೇ ಹಾಕಿಸಿದ ಕ್ಯಾಟ್-6 ಕೇಬಲ್ಲಿನ (ನಾಲ್ಕು ಜೋಡಿ ತಂತಿಗಳಿರುವ ನೆಟ್‌ವರ್ಕ್ ಕೇಬಲ್) ಮೇಲೆ, ಗೋಡೆ ಒಡೆಯದೆ, ಕೈಯಲ್ಲಿರುವ ಅನಲಾಗ್ ಎಚ್‌ಡಿ ಕ್ಯಾಮೆರಾಗಳನ್ನು ಡಿವಿಆರ್‌ಗೆ, ಅಂದರೆ ಚಿತ್ರ ದಾಖಲಿಸುವ ಪೆಟ್ಟಿಗೆಗೆ, ಜೋಡಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಜೋಡಿಸಬಹುದು. ಧಾರವಾಡದ ನಮ್ಮ ಮನೆಯ ಗೇಟಿನ ಕ್ಯಾಮೆರಾ ಹಾಗೆಯೇ ನಡೆಯುತ್ತಿದೆ. ಆದರೆ ಚಿತ್ರಕ್ಕಿಂತ ಕರೆಂಟಿನ ಕಡೆಗೆ ಹೆಚ್ಚು ಗಮನ ಕೊಡಿ ಎಂಬುದು ನನ್ನ ಸಲಹೆ.

ಚಿತ್ರದ ಕೆಲಸ ಸುಲಭ. ಕ್ಯಾಮೆರಾ ಮತ್ತು ಡಿವಿಆರ್ 75 ಓಮ್ ಇಂಪಿಡೆನ್ಸ್‌ನ (ಸಿಗ್ನಲ್ಲಿಗೆ ಕೇಬಲ್ ಒಡ್ಡುವ ತಡೆ) ಕೋಆಕ್ಸಿಯಲ್ ಕೇಬಲ್ಲಿಗೆ, ಅಂದರೆ ಟಿವಿ ಕೇಬಲ್ಲಿನಂಥದಕ್ಕೆ, ತಯಾರಾದವು, ನೆಟ್‌ವರ್ಕ್ ಕೇಬಲ್ಲಿನ ತಿರುಚಿದ ಜೋಡಿ 100 ಓಮ್‌ನದು. ಆದ್ದರಿಂದ ಎರಡೂ ತುದಿಗಳಲ್ಲಿ ನಿಮ್ಮ ಕ್ಯಾಮೆರಾದ ರೆಸಲ್ಯೂಷನ್‌ಗೆ ತಕ್ಕ ಎಚ್‌ಡಿ ವಿಡಿಯೊ ಬಾಲನ್, ಅಂದರೆ ಈ ಎರಡು ಬಗೆಯ ಕೇಬಲ್ಲುಗಳನ್ನು ಹೊಂದಿಸುವ ಪುಟ್ಟ ಅಡಾಪ್ಟರ್, ಬೇಕು. ನೀಲಿ ಮತ್ತು ನೀಲಿ-ಬಿಳಿಯಂತೆ ಒಂದೇ ಜೋಡಿಯ ಎರಡು ತಂತಿಗಳನ್ನೇ ಬಳಸಿ, ಪ್ಲಸ್-ಮೈನಸ್ ಎರಡೂ ಕಡೆ ಒಂದೇ ರೀತಿ ಇರಲಿ.

ಕರೆಂಟಿನ ಲೆಕ್ಕ ಹೀಗಿದೆ. ಇಂತಹ ಕೇಬಲ್ಲಿನ ಒಂದೊಂದು ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.09 ಓಮ್ ರೋಧವಿರುತ್ತದೆ. 30 ಮೀಟರ್ ದೂರದ, ಅರ್ಧ ಆಂಪಿಯರ್ ಎಳೆಯುವ ಕ್ಯಾಮೆರಾಕ್ಕೆ ಒಂದೇ ಜೋಡಿಯಲ್ಲಿ 12 ವೋಲ್ಟ್ ಕೊಟ್ಟರೆ ಹೋಗುವ ಬರುವ ದಾರಿಯಲ್ಲಿ 2.7 ವೋಲ್ಟ್ ಕಳೆದು, ಕ್ಯಾಮೆರಾಕ್ಕೆ 9.3 ಮಾತ್ರ ಮುಟ್ಟುತ್ತದೆ. ಹಗಲಿನಲ್ಲಿ ಕ್ಯಾಮೆರಾ ಎಳೆಯುವುದು ಕಡಿಮೆ, ಹಾಗಾಗಿ ದೋಷ ಕಾಣುವುದಿಲ್ಲ. ಕತ್ತಲಾಗಿ ಇನ್‌ಫ್ರಾರೆಡ್ ದೀಪಗಳು ಹತ್ತಿದೊಡನೆ ಚಿತ್ರ ಮಿಣುಕುತ್ತದೆ, ಇಲ್ಲವೇ ಹೋಗಿಯೇ ಬಿಡುತ್ತದೆ. ಕಾವಲು ನಿಜವಾಗಿ ಬೇಕಾಗುವ ಹೊತ್ತೇ ಅದು. ಎಷ್ಟೋ ಮನೆಗಳಲ್ಲಿ ಇದಕ್ಕಾಗಿ ಸರಿಯಿರುವ ಕ್ಯಾಮೆರಾವನ್ನೇ ಬದಲಾಯಿಸುತ್ತಾರೆ. ಉಳಿದ ಮೂರೂ ಜೋಡಿಗಳನ್ನು ಒಟ್ಟುಗೂಡಿಸಿ, ಮೂರು ತಂತಿ ಪ್ಲಸ್‌ಗೆ, ಮೂರು ಮೈನಸ್‌ಗೆ ಕೊಟ್ಟರೆ ನಷ್ಟ 0.9 ವೋಲ್ಟಿಗೆ ಇಳಿಯುತ್ತದೆ. ಇದು ಅಪ್ಪಟ ತಾಮ್ರದ ಮಾತು. ಅಗ್ಗದ ಕೇಬಲ್ಲುಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪವಷ್ಟೇ ಇರುವುದುಂಟು. ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ನಷ್ಟ ಇನ್ನೂ ಹೆಚ್ಚು.

ಹೊಸ ಕ್ಯಾಮೆರಾ ಕೊಳ್ಳುವ ವಿಚಾರವಿದ್ದರೆ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕೊಡುವ ವ್ಯವಸ್ಥೆ) ಇರುವ ಐಪಿ ಕ್ಯಾಮೆರಾವೇ, ಅಂದರೆ ನೇರ ನೆಟ್‌ವರ್ಕಿಗೆ ಜೋಡಿಸುವ ಡಿಜಿಟಲ್ ಕ್ಯಾಮೆರಾವೇ, ಲೇಸು. ಅದರಲ್ಲಿ ಸುಮಾರು 48 ವೋಲ್ಟ್ ಹರಿಯುವುದರಿಂದ ನಷ್ಟ ಅಲ್ಪ, 100 ಮೀಟರಿನವರೆಗೆ ಚಿಂತೆಯಿಲ್ಲ.

12 ವೋಲ್ಟ್ ಹಾಕಿದ ಕೇಬಲ್ಲಿನ ಎರಡೂ ತುದಿಗಳಿಗೆ ತಪ್ಪದೆ ಚೀಟಿ ಅಂಟಿಸಿ; ಯಾರಾದರೂ ಅದನ್ನು ರೂಟರಿಗೆ ಚುಚ್ಚಿದರೆ ಪೋರ್ಟ್ ಸುಡಬಹುದು. ನಮ್ಮ ಭಾಗದಲ್ಲಿ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಗುಡುಗು ಸಿಡಿಲಿನೊಂದಿಗೇ ಬರುತ್ತದೆಯಾದ್ದರಿಂದ, ಹೊರಗಿನ ಕ್ಯಾಮೆರಾಗಳಿಗೆ ಸಿಡಿಲಿನ ಹೊತ್ತಿನ ವೋಲ್ಟೇಜ್ ಏರಿಕೆಯಿಂದ ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ ಅದಕ್ಕೆ ಸರಿಯಾದ ಅರ್ಥಿಂಗ್ ಕೊಡಿಸಿ. ಎಲ್ಲ ಜೋಡಿಸಿದ ಮೇಲೆ, ರಾತ್ರಿ ದೀಪಗಳು ಹತ್ತಿರುವಾಗಲೇ ಕ್ಯಾಮೆರಾದ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ನೋಡಿ. 11ರ ಆಸುಪಾಸು ತೋರಿಸಿದರೆ ಸಾಕು.